ನೀಲಿ ಪೆಡಲಿನ ಕೆಂಪು ದೀಪ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಾನು ಮುಚ್ಚಿಡುವುದಿಲ್ಲ; ಮುಚ್ಚಿಡೋಣವೆಂದರೂ ನಮ್ಮ ಆಫೀಸಿನವರು ಬಿಡುವುದಿಲ್ಲ. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಟ್ಟ ಬೋರ್ಡುಗಳ ಮೇಜು ನನ್ನದು. ಎಲ್ಲೋ ಯಾರೋ ಏಳನೇ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡರೆ, ಆ ಲಿಫ್ಟಿನ ಬೋರ್ಡು ನನ್ನ ಮುಂದೆ ಬರುತ್ತದೆ. ಎಲ್ಲಿ ಸುಟ್ಟಿದೆ, ಎಲ್ಲಿ ಬಿಟ್ಟಿದೆ ಎಂದು ಮೂಸಿಯೇ ಹೇಳುತ್ತೇನೆ. ಅಂಥವಳ ಕಿವಿಯ ಮೇಲೆ ಸ್ವಂತ ತಮ್ಮ ನಾಲ್ಕು ವರ್ಷ ಹೂವಿಟ್ಟ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅವನು ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅಮ್ಮ ಹೋದಾಗ ಅವನಿಗೆ ಆರು. ತಲೆ ಬಾಚಿದ್ದು, ಶಾಲೆಗೆ ಬಿಟ್ಟದ್ದು, ಮಗ್ಗಿ ತಪ್ಪಿದಾಗ ಬೆನ್ನಿಗೆ ಎರಡು ಬಿಟ್ಟದ್ದು ಎಲ್ಲ ನಾನೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಾನು ಹೆರದೆಯೇ ಮುದ್ದು ಮಾಡಿದೆ. ಈಗ ಅವನು ಒಂದು ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಾನೆ.

ಗಿಟಾರ್ ನುಡಿಸುವವರ ಕಾಲ ಬಳಿ ಸಾಬೂನಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳಿರುತ್ತವಲ್ಲ, ಅವಕ್ಕೆ ಪೆಡಲ್ ಅನ್ನುತ್ತಾರೆ. ಗಿಟಾರಿನ ವೈರು ಒಂದು ಬದಿಯ ತೂತಿನಿಂದ ಒಳಗೆ ಬಂದು, ಇನ್ನೊಂದು ಬದಿಯಿಂದ ಸ್ಪೀಕರಿಗೆ ಹೋಗುತ್ತದೆ. ಕಾಲಿನಿಂದ ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ, ನಯವಾಗಿದ್ದ ನಾದ ಒರಟಾಗಿ ಗರ್ಜಿಸುತ್ತದೆ. ನಾಲ್ಕು ವರ್ಷದ ಹಿಂದೆ ತಮ್ಮ ಅಂಥದ್ದೊಂದರ ಕಿಟ್ ತಂದು ನನ್ನ ಮುಂದೆ ಸುರಿದ. ಒಂದು ಹಿಡಿ ಬಿಡಿಭಾಗ, ಒಂದು ಹಾಳೆ.

"ಲಿಫ್ಟನ್ನೇ ಎತ್ತೋಳು ನೀನು, ಇದೇನು ಮಹಾ ಅಕ್ಕ?" ಅಂದ.

ಊಟಕ್ಕೆ ಕೂರುವ ಮೊದಲೇ ಅದನ್ನು ಮುಗಿಸಿದೆ. ಆಮೇಲೆ ನನಗೇ ಹುಚ್ಚು ಹತ್ತಿತು. ಗುಜರಿ ಅಂಗಡಿಯಿಂದ ಹಳೆಯ ರೇಡಿಯೋಗಳನ್ನು ತಂದು ಟ್ರಾನ್ಸಿಸ್ಟರ್ ಕಿತ್ತೆ. ಕಿಟ್ಟಿನ ಹಾಳೆಯನ್ನು ಪಕ್ಕಕ್ಕಿಟ್ಟು ನನ್ನದೇ ಒಂದು ಪೆಡಲ್ ಕಟ್ಟತೊಡಗಿದೆ. ಭಾನುವಾರದ ಮಧ್ಯಾಹ್ನಗಳಲ್ಲಿ ಅವನು ಸ್ಟೂಲಿನ ಮೇಲೆ ಕುಳಿತು ನುಡಿಸುವುದು, ನಾನು ಕಾದ ಸೋಲ್ಡರ್ ಕಡ್ಡಿ ಹಿಡಿದು ಕಾಯುವುದು. "ಮೂಗಲ್ಲಿ ಹಾಡ್ತಿದೆ ಅಕ್ಕ" ಅನ್ನುವನು. ಒಂದು ಕೆಪ್ಯಾಸಿಟರ್ ಬದಲಿಸುವೆ. "ಇನ್ನೊಂಚೂರು ಒರಟು" ಅನ್ನುವನು, ಇನ್ನೊಂದು. ನನಗೆ ಸಂಗೀತದ ಗಂಧವಿಲ್ಲ. ನಾನು ಹಾಡಿದರೆ ಪಕ್ಕದ ಮನೆಯವರು ಕುಕ್ಕರ್ ಕೂಗಿತೆಂದು ಒಲೆ ಆರಿಸಲು ಓಡುತ್ತಾರೆ. ಕೈ ನನ್ನದು, ಕಿವಿ ಅವನದು, ಹಾಗೆ ನಡೆದಿತ್ತು ಕೆಲಸ.

ಬಣ್ಣವಿಲ್ಲದ ಬರೀ ತಗಡಿನ ಪೆಟ್ಟಿಗೆಯನ್ನು ಅವನು ಒಂದು ದಿನ ಬ್ಯಾಂಡಿನ ಪ್ರಾಕ್ಟೀಸಿಗೆ ಒಯ್ದ. ವಾಪಸ್ ಬಂದವನೇ, "ಸೂಪರ್ ಅಕ್ಕ! ಎಲ್ರೂ ಬಾಯಿ ಬಿಟ್ಕೊಂಡು ಕೇಳಿದ್ರು. ಬಣ್ಣ ಒಂದು ಹಚ್ಚಿಕೊಡು, ನಾಳೆನೇ ಶೋ" ಅಂದ.

ಮೊದಲು ಬಣ್ಣ, ಆಮೇಲೆ ಒಳಗಿನ ಜೋಡಣೆ, ಇದು ಕ್ರಮ. ಅವಸರಕ್ಕೆ ಕ್ರಮ ಬಿಟ್ಟೆ. ಗೋಡೆಯ ಕ್ಯಾಲೆಂಡರಿನಿಂದ ಆ ದಿನದ ಹಾಳೆ ಹರಿದು, ಸುರುಳಿ ಸುತ್ತಿ, ಬಣ್ಣ ಒಳಗೆ ಹೋಗದಂತೆ ತೂತುಗಳಿಗೆ ತುರುಕಿ, ನೀಲಿ ಸ್ಪ್ರೇ ಹೊಡೆದೆ. ಬೆಳಿಗ್ಗೆ ಸುರುಳಿಗಳನ್ನು ಕಿತ್ತು ಅವನ ಕೈಗಿಟ್ಟೆ.

ಆಮೇಲಿನ ನಾಲ್ಕು ವರ್ಷ ನಾನು ನೆಲದ ಮೇಲೆ ನಡೆಯಲಿಲ್ಲ. ಪ್ರತಿ ಶೋನಲ್ಲೂ ಅವನ ಕಾಲ ಬಳಿ ನೀಲಿ ಪೆಡಲ್, ಅದರ ಮೇಲೆ ಕೆಂಪು ದೀಪ. ಅದಕ್ಕೆ ಅಂಟಿಕೊಂಡ ಹಾಗೆ ಒಂದು ಕಪ್ಪು ಪೆಟ್ಟಿಗೆಯೂ ಇರುತ್ತಿತ್ತು. ಕೇಳಿದರೆ "ಅದು ಶ್ರುತಿ ನೋಡೋಕೆ" ಅಂದಿದ್ದ. ಎರಡು ಹಾಡಿನ ನಡುವೆ ಮೈಕಿನಲ್ಲಿ, "ಈ ಸೌಂಡ್ ನಮ್ಮಕ್ಕ ಮಾಡಿದ್ದು, ಲಿಫ್ಟ್ ರಿಪೇರಿ ಮಾಡೋ ನಮ್ಮಕ್ಕ" ಅನ್ನುವನು. ಜನ ತಿರುಗಿ ನನ್ನನ್ನು ನೋಡಿ ಚಪ್ಪಾಳೆ ತಟ್ಟುವರು. ನಾನು ಪೆದ್ದಿಯ ಹಾಗೆ ಕಣ್ಣೊರೆಸಿಕೊಳ್ಳುವೆ. ಶೋ ಮುಗಿದ ಮೇಲೆ ಬಂದು ಕೇಳಿದವರಿಗೆ ಅದೇ ತರಹದ ಹನ್ನೊಂದು ಪೆಡಲ್ ಮಾಡಿಕೊಟ್ಟೆ. ಒಬ್ಬರೇ ಒಬ್ಬರು, ಯಾವುದೋ ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಫೋನ್ ಮಾಡಿ "ಮೇಡಂ, ಗುಂಯ್ ಅನ್ನುತ್ತೆ" ಅಂದಿದ್ದರು. ತಮ್ಮನನ್ನು ಕೇಳಿದೆ. "ಅವರ ಮನೆ ವೈರಿಂಗ್ ಸರಿ ಇರಲ್ಲ ಬಿಡಕ್ಕ" ಅಂದ. ಸರಿ, ಮೇಷ್ಟ್ರಿಗೆ ಫೋನಿನಲ್ಲೇ ಮಂಗಳಾರತಿ ಮಾಡಿದೆ. ನುಡಿಸೋಕೆ ಬಾರದವರು ಪೆಡಲ್ ಮೇಲೆ ತಪ್ಪು ಹೊರಿಸಬಾರದು ಎಂದೆ.

ಈ ವರ್ಷ ಅವನು ಹೊಸ ರಾಗ ತೆಗೆದ. "ಆ ಲಿಫ್ಟ್ ಕಂಪನಿ ಬಿಟ್ಟುಬಿಡಕ್ಕ. ನಿನ್ನ ಕೈಯಲ್ಲಿ ಏನಿದೆ ಅಂತ ನಿಂಗೇ ಗೊತ್ತಿಲ್ಲ. ಪೆಡಲ್ಲೇ ಮಾಡು." ಮೂರು ತಿಂಗಳು ಇದೇ ಮಾತು. ಕೊನೆಗೆ ಒಂದು ಬುಧವಾರ ರಾಜೀನಾಮೆ ಬರೆದು ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಅವರು ಓದಿ, ಮಡಚಿ, ಡ್ರಾಯರಿಗೆ ಹಾಕಿಕೊಂಡರು.

"ಸೋಮವಾರದ ತನಕ ಇಲ್ಲೇ ಇರುತ್ತೆ. ಆಮೇಲೆ ಹೆಡ್ ಆಫೀಸಿಗೆ ಹೋದ್ರೆ ಮುಗೀತು. ಯೋಚನೆ ಮಾಡಮ್ಮ."

"ಯೋಚನೆ ಮಾಡಿಯೇ ಬರೆದಿರೋದು" ಎಂದೆ.

ಶುಕ್ರವಾರ ನನಗೆ ರಜೆ. ಬೆಳಿಗ್ಗೆಯೇ ತಮ್ಮ ನೀಲಿ ಪೆಡಲ್ ತಂದ. "ಲೈಟ್ ಮಿಣಮಿಣ ಅಂತಿದೆ ಅಕ್ಕ, ಭಾನುವಾರ ಶೋ ಇದೆ, ಸಾಯಂಕಾಲ ಬರ್ತೀನಿ" ಎಂದು ಬಿಟ್ಟುಹೋದ. ಕರೆಂಟಿನ ಅಡಾಪ್ಟರ್ ಚುಚ್ಚುವ ಜಾಗ ಸವೆದು ಅಲ್ಲಾಡುತ್ತಿತ್ತು. ಹೊಸದು ಹಾಕಿದೆ. ದೀಪ ಗಟ್ಟಿಯಾಗಿ ಉರಿಯಿತು. ರಿಪೇರಿ ಮಾಡಿದ್ದನ್ನು ಪೂರ್ತಿ ಪರೀಕ್ಷಿಸದೆ ಕೊಡುವ ಅಭ್ಯಾಸ ನನಗಿಲ್ಲ. ಮನೆಯಲ್ಲಿದ್ದ ಹಳೆಯ ಗಿಟಾರ್ ವೈರು ತೆಗೆದು ತೂತಿಗೆ ಚುಚ್ಚಿದೆ.

ಹೋಗಲಿಲ್ಲ. ಒತ್ತಿದೆ, ಆಗಲೂ ಹೋಗಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಏನೋ ನೀಲಿ. ಚಿಮಟದಿಂದ ಎಳೆದೆ. ಕಾಗದದ ಸುರುಳಿ. ತುದಿಗೆ ಬಣ್ಣ ಹತ್ತಿ ಗಟ್ಟಿಯಾಗಿತ್ತು, ಒಳಭಾಗ ಬೆಳ್ಳಗೆ. ಬಿಚ್ಚಿದೆ. ಹದಿನೇಳು, ಬುಧವಾರ, ನಾಲ್ಕು ವರ್ಷದ ಹಿಂದಿನದು. ಆವತ್ತಿನ ಅವಸರದಲ್ಲಿ ಒಂದು ಸುರುಳಿಯನ್ನು ಕೀಳಲು ನಾನು ಮರೆತಿದ್ದೆ. ಅದು ಅಲ್ಲೇ ಕುಳಿತಿತ್ತು, ಯಾರೂ ಅದನ್ನು ಅಲ್ಲಾಡಿಸಿರಲಿಲ್ಲ. ಅಂದರೆ ಬಣ್ಣ ಹಚ್ಚಿದ ದಿನದಿಂದ ಇವತ್ತಿನವರೆಗೆ ಗಿಟಾರಿನ ವೈರು ಒಮ್ಮೆಯೂ ಈ ಪೆಟ್ಟಿಗೆಯೊಳಗೆ ಹೋಗಿಲ್ಲ. ಬರೀ ಕರೆಂಟು ಕೊಟ್ಟು ದೀಪ ಉರಿಸಿ ಇಟ್ಟುಕೊಂಡಿದ್ದಾನೆ. ಗರ್ಜಿಸುತ್ತಿದ್ದದ್ದು ಆ ಕಪ್ಪು ಪೆಟ್ಟಿಗೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆದರೂ ಹುಡುಕಿದೆ, ಅವನ ಪರವಾಗಿ ನಾನೇ ವಕೀಲಿ ಮಾಡಿದೆ. ಬೇರೆ ಪೆಡಲ್ ಇರಬಹುದೇ? ಇಲ್ಲ, ನೀಲಿಯದು ಇದೊಂದೇ. ಯಾರಾದರೂ ಬಿಚ್ಚಿದರೆ ಗೊತ್ತಾಗಲೆಂದು ಸ್ಕ್ರೂಗಳ ಮೇಲೆ ನಾನು ಹಾಕಿದ್ದ ನೇಲ್ ಪಾಲಿಶ್ ಚುಕ್ಕೆ, ಬೆಳಿಗ್ಗೆ ನಾನೇ ಬಿಚ್ಚುವ ತನಕ ಒಡೆದಿರಲಿಲ್ಲ. ನೆಲದ ಮೇಲೆಯೇ ಕುಳಿತುಬಿಟ್ಟೆ. ಆ ಚಪ್ಪಾಳೆಗಳೆಲ್ಲ ಒಂದೊಂದಾಗಿ ಕೆನ್ನೆಗೆ ಬಿದ್ದ ಹಾಗಾಯಿತು. ಅತ್ತೆ. ಕೋಪದಲ್ಲಿ ಅಳುವುದು ನನಗೆ ಹೊಸದಲ್ಲ, ಆದರೆ ಈ ಅಳು ಕೋಪದ್ದಾಗಿರಲಿಲ್ಲ.

ಮಧ್ಯಾಹ್ನ ಎದ್ದು ಮುಖ ತೊಳೆದು ಒಂದು ಕೆಲಸ ಮಾಡಿದೆ. ದೀಪಕ್ಕೆ ಹೋಗುವ ಒಂದು ವೈರನ್ನು ಕತ್ತರಿಸಿ, ಗಿಟಾರಿನ ವೈರು ಬಂದು ಕೂರುವ ಜಾಗದ ಮೂಲಕ ಹಾಯಿಸಿದೆ. ಇನ್ನು ಮೇಲೆ ಗಿಟಾರನ್ನು ಚುಚ್ಚಿದರೆ ಮಾತ್ರ ದೀಪ ಹತ್ತುತ್ತದೆ. ಒಂದೇ ಒಂದು ಸಲ ಚುಚ್ಚಲಿ, ಹಿಂದಿನದೆಲ್ಲ ಮರೆತುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸಂಜೆ ಅವನು ಬಂದಾಗ ಆ ಕಾಗದ ನನ್ನ ಮುಷ್ಟಿಯಲ್ಲಿತ್ತು.

"ಸೌಂಡ್ ಹೇಗಿದೆಯೋ ಈಗ? ಹಳೇದಾಯ್ತು, ಏನಾದ್ರೂ ಬದಲಾಗಿದ್ಯಾ?" ಎಂದೆ.

"ಅಯ್ಯೋ, ಹೋದ ವಾರ ಒಬ್ಬ ಬಂದು ಕೈ ಮುಗಿದ ಅಕ್ಕ. ಇಂಥ ಸೌಂಡ್ ಜನ್ಮದಲ್ಲಿ ಕೇಳಿಲ್ಲ ಅಂದ."

ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ. ಕಣ್ಣು ಕೂಡ ಮಿಟುಕಿಸಲಿಲ್ಲ ನನ್ನ ತಮ್ಮ. ದೀಪ ಹತ್ತುತ್ತದೋ ಇಲ್ಲವೋ ಎಂದು ಅಲ್ಲೇ ನೋಡಲೂ ಇಲ್ಲ. ಅಕ್ಕ ಮುಟ್ಟಿದ ಮೇಲೆ ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆ. ನಂಬಿಕೆಯಂತೆ! ಪೆಡಲನ್ನು ಚೀಲಕ್ಕೆ ಹಾಕಿಕೊಂಡು, "ಭಾನುವಾರ ಮುಂದಿನ ಸಾಲಲ್ಲಿ ಸೀಟ್ ಇಟ್ಟಿರ್ತೀನಿ" ಅಂದ. ತಲೆನೋವು, ಬರುವುದಿಲ್ಲ ಎಂದೆ.

ಸೋಮವಾರ ಚಹಾದ ಹೊತ್ತಿಗೆ ಫೋನ್ ಬಂತು. ನನ್ನ ಮೇಜಿನ ಮೇಲೆ ಯಾವುದೋ ಆಸ್ಪತ್ರೆಯ ಲಿಫ್ಟಿನ ಬೋರ್ಡು ಬಿಚ್ಚಿಕೊಂಡು ಬಿದ್ದಿತ್ತು.

"ಅಕ್ಕ, ನಿನ್ನೆ ನೀನು ಬರ್ಬೇಕಿತ್ತು. ನಿನ್ನ ಪೆಡಲ್ ಸೌಂಡ್ ಯಾವತ್ತಿಗಿಂತ ಸೂಪರ್! ಆದ್ರೆ ಲೈಟ್ ಮಾತ್ರ ಬರ್ಲೇ ಇಲ್ಲ. ಅದೊಂದು ಸರಿ ಮಾಡ್ಕೊಡು."

ಆ ಮಾತು ಬರಬಾರದೆಂದು ಶುಕ್ರವಾರದಿಂದ ಕಾದಿದ್ದೆ.

"ಲೈಟ್ ಸರಿಯಾಗಿಯೇ ಇದೆ ಕಣೋ. ಗಿಟಾರ್ ವೈರ್ ಚುಚ್ಚಿದ್ರೆ ಮಾತ್ರ ಹತ್ತೋ ಹಾಗೆ ಮಾಡಿದೀನಿ."

"ಅಕ್ಕ..." ಅಂದ.

"ಹದಿನೇಳನೇ ತಾರೀಖಿನ ಕಾಗದ ಇನ್ನೂ ಒಳಗೇ ಇತ್ತು."

"ಮೊದಲ್ನೇ ದಿನ ಪ್ರಾಕ್ಟೀಸಲ್ಲಿ ದೊಡ್ಡ ಸ್ಪೀಕರಿಗೆ ಹಾಕಿದ್ದೇ ಗುಂಯ್ ಅಂತ ಶುರುವಾಯ್ತು ಅಕ್ಕ. ಎಲ್ರೂ ನಕ್ಕರು. ನಿಂಗೆ ಹೇಳಿದ್ರೆ ನೀನು ಹಾರಾಡ್ತೀಯ, ಆಮೇಲೆ ಕೂತು ಅಳ್ತೀಯ ಅಂತ..."

"ಗುಂಯ್ ಅಂದ್ರೆ ಒಂದು ವೈರಿನ ಕೆಲಸ ಕಣೋ! ಅರ್ಧ ಗಂಟೆ! ಅದಕ್ಕೆ ನಾಲ್ಕು ವರ್ಷ ನನ್ನನ್ನ ಮೈಕಲ್ಲಿ ಕೂಗಿ ಚಪ್ಪಾಳೆ ಹೊಡಿಸಿದ್ಯಾ?"

"ಜನಕ್ಕೆ ಆ ಕಥೆ ಇಷ್ಟ ಆಗ್ತಿತ್ತು ಅಕ್ಕ."

"ಕೆಲಸ ಬಿಡು ಅಂತ ಯಾಕೆ ಹೇಳಿದೆ?"

ಉತ್ತರ ಕೇಳಿಸಿಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಫೋನ್ ಇಟ್ಟೆ. ಪಕ್ಕದ ಮೇಜಿನವರು ತಲೆ ತಗ್ಗಿಸಿ ಕೆಲಸ ಮಾಡುವಂತೆ ನಟಿಸುತ್ತಿದ್ದರು.

ಮ್ಯಾನೇಜರ್ ಕೋಣೆಗೆ ಹೋಗಿ ಕೈ ಚಾಚಿದೆ. ಅವರು ಏನೂ ಕೇಳದೆ ಡ್ರಾಯರ್ ಎಳೆದು ನನ್ನ ಪತ್ರ ಕೊಟ್ಟರು. "ನೀನಿಲ್ಲದೆ ಇಲ್ಲಿ ಬೈಯೋರು ಯಾರಮ್ಮ" ಅಂದರು. ನಗಲು ಪ್ರಯತ್ನಿಸಿದೆ, ಆಗಲಿಲ್ಲ.

ನನ್ನ ಜಾಗಕ್ಕೆ ಬಂದು ಕುಳಿತ ಮೇಲೆ ಆ ಡ್ರಾಯಿಂಗ್ ಮೇಷ್ಟ್ರು ನೆನಪಾದರು. ನಂಬರ್ ಹುಡುಕಿ ಫೋನ್ ಮಾಡಿದೆ.

"ನಾನು, ಪೆಡಲ್ ಮಾಡ್ಕೊಟ್ಟವಳು. ಈಗಲೂ ಅದು ಗುಂಯ್ ಅನ್ನುತ್ತಾ?"

ಅವರು ತಡವರಿಸಿದರು. "ಇಲ್ಲ ಇಲ್ಲ ಮೇಡಂ... ಚೆನ್ನಾಗಿದೆ. ಸೂಪರಾಗಿದೆ."

ಅದೇ ದನಿ. ತಮ್ಮನದೇ ದನಿ. ಕೈಯಲ್ಲಿದ್ದ ಪತ್ರವನ್ನು ಮೇಜಿನ ಮೇಲಿಟ್ಟೆ.

"ಮೇಷ್ಟ್ರೇ, ನಿಜ ಹೇಳಿ. ಬೈಯಲ್ಲ."

"ಬೈಯಲ್ವಾ?"

"ಇಲ್ಲ."

"ತುಂಬಾ ಅನ್ನುತ್ತೆ ಮೇಡಂ" ಅಂದರು. "ಮೊದಲ್ನೇ ದಿನದಿಂದ."

"ನಾಳೆ ತಂದುಕೊಡಿ" ಎಂದೆ.