ಮೊಟ್ಟೆ ಆಟದ ವೇಗ

ಸಾದಿಕ್ ತನ್ನ ಹೆಂಡತಿ ರಹೀಮಾಳಿಗೆ ಕೊಟ್ಟ ಮಾತು ಹೀಗಿತ್ತು. ಗೆಳೆಯ ಅಶ್ವಥ್ ಕಂಪ್ಯೂಟರಿಗೆ ಬರೆಯುತ್ತಿರುವ ಮೊಟ್ಟೆ ಆಟ ಮೊದಲು ಹಳೆಯ ವೇಗಕ್ಕೆ ಬರಬೇಕು. ಆ ವೇಗದಲ್ಲಿ ತಾನು ಐದನೇ ಹಂತ ಮುಟ್ಟದೆ ಸೋತರೆ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಕೈ ತೋರಿಸುತ್ತಾನೆ. ಮುಟ್ಟಿದರೆ ಅವಳು ಮತ್ತೆ ಆ ಮಾತು ಎತ್ತಬಾರದು.

ಸಾದಿಕ್ ರಾಮನಗರದಲ್ಲಿ ಮುನಾವರ್ ಸಾಹೇಬರ ಘಟಕದಲ್ಲಿ ರೇಷ್ಮೆ ನೂಲು ತೆಗೆಯುವವನು. ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ಗೂಡುಗಳಿಂದ ಎಳೆಗಳು ಒಟ್ಟಾಗಿ ಮೇಲೇರಿ ರಾಟೆಗೆ ಸುತ್ತಿಕೊಳ್ಳುತ್ತವೆ. ಒಂದು ಗೂಡು ಮುಗಿದ ಕೂಡಲೇ ಇನ್ನೊಂದರ ಎಳೆಯನ್ನು ಬೆರಳ ತುದಿಯಲ್ಲಿ ಹಿಡಿದು ಓಡುತ್ತಿರುವ ದಾರಕ್ಕೆ ಎಸೆಯಬೇಕು. ತಡವಾದರೆ ದಾರ ತೆಳ್ಳಗಾಗುತ್ತದೆ, ಇಲ್ಲವೇ ಕಡಿಯುತ್ತದೆ. ಮದುವೆಗೂ ಮೊದಲಿನಿಂದ ಅವನು ಯೋಚಿಸದೆ ಮಾಡಿಕೊಂಡು ಬಂದ ಕೆಲಸ. ಯುಗಾದಿಯ ಹೊತ್ತಿಗೆ ಅವನ ತೊಟ್ಟಿಯಲ್ಲಿ ದಾರ ಪದೇಪದೇ ಕಡಿಯತೊಡಗಿತು. ಮುನಾವರ್ ಸಾಹೇಬರು ಬಂದು ಹಿಂದೆ ನಿಂತು ನೋಡಿ ಹೋದರು. ಗೂಡು ಸರಿಯಾಗಿ ಬೆಂದಿಲ್ಲ ಎಂದು ಸಾದಿಕ್ ಹೇಳುತ್ತಿದ್ದ. ಹಾಗಾದರೆ ಅಂಗಿಯ ಗುಂಡಿ ಹಾಕಲು ಇಷ್ಟು ಹೊತ್ತು ಯಾಕೆ ಎಂದು ರಹೀಮಾ ಕೇಳುತ್ತಿದ್ದಳು.

ಆಟ ಇಪ್ಪತ್ತು ವರ್ಷದ ಹಿಂದಿನದು. ರಾಮನಗರದಲ್ಲಿ ದೊಡ್ಡಮುನಿಯಪ್ಪ ಮೇಷ್ಟ್ರು ಸಂಜೆ ಹೊತ್ತು ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಅಶ್ವಥ್ ಮತ್ತು ಸಾದಿಕ್ ಒಂದೇ ಬೆಂಚಿನವರು. ಪಾಠ ಮುಗಿದ ಮೇಲೆ ಮೇಷ್ಟ್ರು ಕೊನೆಯ ಕಂಪ್ಯೂಟರಿನಲ್ಲಿ ಆಟ ಹಾಕಿ ಕೊಡುತ್ತಿದ್ದರು. ಪರದೆಯ ಮೇಲ್ಗಡೆ ಕೋಳಿಗಳು, ಕೆಳಗೆ ಬುಟ್ಟಿ. ಬೀಳುವ ಮೊಟ್ಟೆಯನ್ನು ಬುಟ್ಟಿಯಲ್ಲಿ ಹಿಡಿಯಬೇಕು. ಒಂದು ಮೊಟ್ಟೆ ತಪ್ಪಿದರೆ ಒಂದು ಬುಟ್ಟಿ ಹೋಗುತ್ತದೆ, ಮೂರು ಹೋದರೆ ಆಟ ಮುಗಿಯಿತು. ನಾಲ್ಕನೇ ಹಂತದಲ್ಲಿ ಮೊಟ್ಟೆಗಳು ಎರಡೆರಡಾಗಿ ಬೀಳುತ್ತವೆ. ಐದನ್ನು ಮುಟ್ಟಿದವನು ಇಡೀ ಕ್ಲಾಸಿಗೆ ಸಾದಿಕ್ ಒಬ್ಬನೇ. ಅಶ್ವಥ್‌ನ ಆಟ ಮೂರರಲ್ಲೇ ಮುಗಿಯುತ್ತಿತ್ತು.

ಅಶ್ವಥ್ ಬೈರಮಂಗಲದವನು. ಹೊಲವನ್ನು ಅಣ್ಣಂದಿರು ನೋಡಿಕೊಳ್ಳುತ್ತಾರೆ. ಅವನು ಬಿಡದಿಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಅಳತೆ ಪರೀಕ್ಷೆ ಮಾಡುವವನು. ಪ್ರೋಗ್ರಾಂ ಬರೆಯುವುದು ಅವನ ಹವ್ಯಾಸ. ಮೊಟ್ಟೆ ಆಟವನ್ನು ಮತ್ತೆ ಬರೆಯಬೇಕೆಂಬ ಆಸೆ ಅವನಿಗೆ ಮೊದಲಿನಿಂದ ಇತ್ತು, ಸಾದಿಕ್ ಅದಕ್ಕೆ ಈ ಪಂದ್ಯ ಕಟ್ಟಿದ. ಮೂಲ ಆಟ ಇಂಟರ್ನೆಟ್ಟಿನಲ್ಲಿ ಸಿಗುತ್ತಿತ್ತು. ಆದರೆ ಅಂಥ ಹಳೆಯ ಆಟಕ್ಕೆ ತನ್ನದೇ ಗಡಿಯಾರ ಇರುವುದಿಲ್ಲ. ಕಂಪ್ಯೂಟರ್ ಎಷ್ಟು ಚುರುಕೋ ಆಟವೂ ಅಷ್ಟೇ ಚುರುಕು. ಈಗಿನ ಲ್ಯಾಪ್‌ಟಾಪಿನಲ್ಲಿ ಮೊಟ್ಟೆ ಕಣ್ಣಿಗೆ ಕಾಣುವ ಮೊದಲೇ ಒಡೆದಿರುತ್ತಿತ್ತು. ಅಂದಿನ ನಿಜವಾದ ವೇಗ ಎಷ್ಟೆಂಬುದು ಮೇಷ್ಟ್ರ ಆ ಒಂದು ಕಂಪ್ಯೂಟರಿಗೆ ಗೊತ್ತಿತ್ತು, ಬಿಟ್ಟರೆ ಸಾದಿಕ್‌ನ ಕೈಗೆ. ಕ್ಲಾಸು ಮುಚ್ಚಿ, ಸಾಮಾನೆಲ್ಲ ಗುಜರಿಗೆ ಹೋಗಿದೆ ಎಂದು ಕೇಳಿದ್ದರು.

ಯುಗಾದಿಯ ಮುಂದಿನ ಭಾನುವಾರ ಅಶ್ವಥ್ ತನ್ನ ನೆನಪಿನ ಅಂದಾಜಿನಲ್ಲಿ ವೇಗ ಹೊಂದಿಸಿ ಆಟ ತಂದ. ಸಾದಿಕ್ ಚಾಪೆಯ ಮೇಲೆ ಕೂತು ಆಡಿದ. ಮೂರನೇ ಹಂತದಲ್ಲಿ ಮೂರೂ ಬುಟ್ಟಿ ಹೋದವು.

"ಇದು ಮೊಟ್ಟೆ ಅಲ್ಲ ಕಣ್ಲಾ, ಆಲಿಕಲ್ಲು," ಎಂದ ಸಾದಿಕ್. "ಎಲ್ಲಿತ್ಲಾ ಇಷ್ಟು ಸ್ಪೀಡು?"

"ನಂಗೆ ಇಷ್ಟೇ ಇದ್ದಂಗೆ ನೆಪ್ಪು."

"ನೀನು ಮೂರೇ ದಾಟ್ದವನಲ್ಲ. ನಿನ್ನ ನೆಪ್ಪು ಕಟ್ಕೊಂಡು ಏನ್ ಮಾಡಾನ? ಒಸಿ ಇಳ್ಸು."

ಅಶ್ವಥ್ ಇಳಿಸಿದ. ಅವನ ಕಾರ್ಖಾನೆಯಲ್ಲಿ ಹೊಸಬರಿಗೆ ಮೊದಲ ದಿನ ಕಲಿಸುವ ಪಾಠವೊಂದಿತ್ತು: ಅಳತೆ ತಪ್ಪು ಬಂದರೆ ವಸ್ತುವನ್ನು ಎಸೆಯಬೇಡ, ಮೊದಲು ನಿನ್ನ ಮಾಪಕವನ್ನು ಪರೀಕ್ಷಿಸು. ವರ್ಷಗಟ್ಟಲೆ ಅದನ್ನೇ ಮಾಡಿ ಅದು ಅವನ ಸ್ವಭಾವವಾಗಿತ್ತು. ಇಲ್ಲಿ ಮಾಪಕವೆಂದರೆ ಆಟ, ಆಟ ಬರೆದವನು ತಾನು. ಸಾದಿಕ್‌ನ ಕೈಯನ್ನು ಸಂದೇಹಿಸುವ ಮೊದಲು ತನ್ನ ತಪ್ಪು ಹುಡುಕುವುದು ಅವನಿಗೆ ನ್ಯಾಯವೆನಿಸಿತು.

ಮುಂಗಾರು ಬರುವ ಹೊತ್ತಿಗೆ ಆ ಇಳಿಸಿದ ವೇಗವೂ ಸಾದಿಕ್‌ಗೆ ಜಾಸ್ತಿಯಾಯಿತು. "ಹೋದ ಸಲಕ್ಕಿಂತ ಓಡ್ತಾ ಐತೆ," ಎಂದ. ಅಶ್ವಥ್ ವೇಗ ಮುಟ್ಟಿರಲಿಲ್ಲ. ಆದರೂ ಮನೆಗೆ ಹೋಗಿ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಓದಿದ. ಕೀಲಿ ಒತ್ತಿದ್ದು ತಡವಾಗಿ ತಲುಪುತ್ತಿರಬಹುದೆಂದು ಹೊಸ ಕೀಬೋರ್ಡ್ ತಂದ. ಪರದೆಯೇ ತಡ ಮಾಡುತ್ತಿರಬಹುದೆಂದು ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದ. ಏನೂ ಸಿಗದೆ ಮತ್ತೆ ವೇಗ ಇಳಿಸಿದ. ಆ ವೇಗದಲ್ಲಿ ಅವನು ತಾನೇ ಆಡಿ ಮೊದಲ ಸಲ ಐದನೇ ಹಂತ ಮುಟ್ಟಿದ. ಸಂತೋಷವಾಗಲಿಲ್ಲ. ತಾನು ಮುಟ್ಟುವಷ್ಟು ನಿಧಾನವಾಗಿದ್ದರೆ ಅದು ಹಳೆಯ ಆಟವಲ್ಲ ಎಂದುಕೊಂಡ. ಆ ಯೋಚನೆ ಇನ್ನೊಂದು ಹೆಜ್ಜೆ ಮುಂದೆ ಹೋಗುವ ಮೊದಲೇ ಮತ್ತೆ ಪ್ರೋಗ್ರಾಂ ತೆರೆದು ಕೂತ.

ಗಣಪತಿ ಹಬ್ಬದ ಹೊತ್ತಿನ ಒಂದು ಭಾನುವಾರ ರಹೀಮಾ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿ ಕೇಳಿದಳು.

"ನಿಜ ಹೇಳಿ ಅಣ್ಣ. ತಪ್ಪು ಆಟದ್ದಾ, ಕೈದಾ?"

"ನನ್ನದೇ ಇರಬೇಕಮ್ಮ. ವೇಗ ಇನ್ನೂ ಕೂತಿಲ್ಲ."

"ಮೊನ್ನೆ ಟೀ ಲೋಟ ಬುಟ್ಬುಟ್ರು. ಬಿಸಿ ಇತ್ತು ಅಂದ್ರು. ನಾನು ಮುಟ್ಟಿ ನೋಡ್ದೆ, ಆರೋಗಿತ್ತು."

"ಇನ್ನೊಂದು ಸಲ ನೋಡ್ತೀನಿ."

"ನೀವು ನೋಡ್ತಾನೇ ಇದ್ದೀರ ಅಣ್ಣ," ಎಂದು ಅವಳು ಒಳಗೆ ಹೋದಳು.

ಒಳಗಿಂದ ಸಾದಿಕ್ ಕೂಗಿದ. "ಏನ್ಲಾ, ನನ್ನ ಹೆಂಡ್ತಿ ಕೈಲಿ ಫೀಸ್ ಇಸ್ಕೊಂಡ್ಯಾ? ಬಾ, ನಿನ್ನ ಕೋಳಿಗೆ ಬೇದಿ ನಿಂತಿದ್ಯಾ ನೋಡಾನ."

ಅವತ್ತು ಎರಡನೇ ಹಂತದಲ್ಲಿ ಮುಗಿಯಿತು. ಸಾದಿಕ್ ಕೀಬೋರ್ಡನ್ನು ಅಶ್ವಥ್‌ನ ಕಡೆ ತಳ್ಳಿ, "ಸರಿಯಾಗಿ ಮಾಡ್ಲಾ. ಸರಿಯಾಗಿ ಇದ್ದಿದ್ರೆ ನಾನು ಸೋತಾಗ ಸೋತೆ ಅಂತಿದ್ದೆ," ಎಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಮಾರನೆಯ ವಾರ ಮುನಾವರ್ ಸಾಹೇಬರು ಅವನನ್ನು ತೊಟ್ಟಿಯಿಂದ ಎಬ್ಬಿಸಿ ಗೂಡು ಆರಿಸುವ ಕೆಲಸಕ್ಕೆ ಹಾಕಿದರು. ಅವನ ಜಾಗದಲ್ಲಿ ಅವನದೇ ಚಿಕ್ಕಪ್ಪನ ಮಗ ಮತೀನ್ ಕೂತ.

ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಬಾಳೆಕಂದು ಕಟ್ಟಿ, ಅಳತೆಯ ಮಾಪಕಗಳನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಕುಂಕುಮ ಹಚ್ಚಿದರು. ಅದನ್ನು ನೋಡುತ್ತ ನಿಂತ ಅಶ್ವಥ್‌ಗೆ ದೊಡ್ಡಮುನಿಯಪ್ಪ ಮೇಷ್ಟ್ರು ನೆನಪಾದರು. ಪ್ರತಿ ವರ್ಷ ಅವರು ಕಂಪ್ಯೂಟರುಗಳಿಗೆ ಹೂ ಮುಡಿಸಿ ಬೂದುಗುಂಬಳ ಒಡೆಯುತ್ತಿದ್ದರು. ಅಂಥವರು ಪೂಜೆ ಮಾಡಿದ್ದನ್ನು ಗುಜರಿಗೆ ಹಾಕುತ್ತಾರೆಯೇ? ಇದನ್ನು ಇಷ್ಟು ದಿನ ಯಾಕೆ ಕೇಳಿಕೊಳ್ಳಲಿಲ್ಲ ಎಂದುಕೊಂಡ. ಹಳೆಯ ಕ್ಲಾಸಿನ ಕೆಳಗಿದ್ದ ಜೆರಾಕ್ಸ್ ಅಂಗಡಿಯವರನ್ನು ಕೇಳಿದ. ಮೇಷ್ಟ್ರು ಮಾಗಡಿಯಲ್ಲಿದ್ದಾರೆ ಎಂದರು. ಮರುದಿನ ಲ್ಯಾಪ್‌ಟಾಪ್ ಹಿಡಿದು ಮಾಗಡಿಯ ಬಸ್ಸು ಹತ್ತಿದ.

ಬಾಗಿಲು ತೆಗೆದವರು ಮೇಷ್ಟ್ರ ಹೆಂಡತಿ ದೊಡ್ಡಲಕ್ಷ್ಮಮ್ಮ. ಬಂದ ಕಾರಣ ಕೇಳಿ, "ಅದಾ? ಐತೆ ಬಾ ಮಗ," ಎಂದರು. "ಮಿಕ್ಸಿ ಕೆಟ್ಟು ಮೂರು ತಿಂಗ್ಳಾಯ್ತು, ಅದುನ್ನ ಒಬ್ರೂ ಕೇಳಾಕಿಲ್ಲ. ಆ ಡಬ್ಬಕ್ಕೆ ಮಾತ್ರ ನೆನ್ನೆ ಹೂವೇನು, ಹಣ್ಣೇನು."

ಮೇಷ್ಟ್ರಿಗೆ ವಯಸ್ಸಾಗಿತ್ತು. ಮೂಲೆಯಲ್ಲಿ ಆ ಕಂಪ್ಯೂಟರ್ ಹಿಂದಿನ ದಿನದ ಚೆಂಡುಹೂವಿನ ಜೊತೆ ಕೂತಿತ್ತು.

"ವರ್ಷಕ್ಕೊಂದ್ಸಲ ಆನ್ ಮಾಡ್ತೀನಿ ಕಣಯ್ಯ," ಎಂದರು ಮೇಷ್ಟ್ರು. "ಪೂಜೆ ಮಾಡುದ್ಮೇಲೆ ಅದು ಓಡ್ಬೇಕು. ಓಡ್ದೆ ಇರೋದಕ್ಕೆ ಕುಂಕುಮ ಇಟ್ರೆ ಅದು ಪೂಜೆ ಅಲ್ಲ, ತಿಥಿ."

"ಮೊಟ್ಟೆ ಆಟ ಐತಾ ಸಾರ್?"

"ಎಲ್ಲೋದದು? ಸಾಬ್ರ ಹುಡ್ಗ ಒಬ್ಬ ಇದ್ನಲ್ಲ, ಕೈ ಅಂದ್ರೆ ಕೈ. ಹೆಂಗವ್ನೆ?"

"ಅವನಿಗೋಸ್ಕರಾನೇ ಬಂದಿದ್ದು ಸಾರ್."

ಕಂಪ್ಯೂಟರ್ ಗರಗರ ಸದ್ದು ಮಾಡಿ ಎದ್ದಿತು. ಅಶ್ವಥ್ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟು ಇತ್ತೀಚಿನ ಆಟ ಹಾಕಿದ. ಹಳೆಯ ಪರದೆಯಲ್ಲಿ ಮೊಟ್ಟೆ ಒಡೆದಾಗ ಅವನದು ಇನ್ನೂ ಅರ್ಧ ದಾರಿಯಲ್ಲಿತ್ತು. ಅದರ ಹಿಂದಿನದನ್ನು ಹಾಕಿದ. ಅದರ ಹಿಂದಿನದನ್ನು. ಕೊನೆಗೆ ಯುಗಾದಿಯ ಹೊತ್ತಿಗೆ ಮಾಡಿದ ಮೊದಲನೆಯದನ್ನು ಹಾಕಿದಾಗ ಎರಡು ಪರದೆಯಲ್ಲೂ ಮೊಟ್ಟೆ ಒಟ್ಟಿಗೆ ಹೊರಟು ಒಟ್ಟಿಗೆ ನೆಲ ಮುಟ್ಟಿತು. ಮತ್ತೆ ನೋಡಿದ. ಮತ್ತೂ ಹಾಗೆಯೇ.

"ಸರಿಯಾಗಿ ಮಾಡಿದ್ದೀಯಲ್ಲಯ್ಯ," ಎಂದರು ಮೇಷ್ಟ್ರು. ಅಶ್ವಥ್ ಇನ್ನೂ ಒಂದು ಸಲ ಆಟ ಹಾಕಿದ್ದನ್ನು ನೋಡಿ, "ಯಾಕೆ, ಬೆವರ್ತಾ ಇದ್ದೀಯ?" ಎಂದರು.

ಬಸ್ಸಿನಲ್ಲಿ ಅವನು ಹೇಗೆ ಹೇಳಬೇಕೆಂದು ಯೋಚಿಸಿದ. ರಾಮನಗರದಲ್ಲಿ ಇಳಿಯುವಾಗಲೂ ಗೊತ್ತಾಗಿರಲಿಲ್ಲ. ಸಾದಿಕ್‌ನ ಮನೆಯಲ್ಲಿ ಮೊದಲನೆಯ ಆಟವನ್ನೇ ಹಾಕಿ ಮುಂದಿಟ್ಟ. ಸಾದಿಕ್ ಆಡಿದ. ಮೊದಲ ಹಂತವೇ ಮುಗಿಯಲಿಲ್ಲ. ಬೆರಳು ಕೀಲಿಯನ್ನು ಹುಡುಕಿ ಒತ್ತುವಷ್ಟರಲ್ಲಿ ಮೊಟ್ಟೆ ಬಿದ್ದಿರುತ್ತಿತ್ತು.

"ಇದೂ ತಪ್ಪು," ಎಂದ.

"ಇಲ್ಲ ಕಣೋ. ಇದು ಸರಿ. ಮೇಷ್ಟ್ರ ಕಂಪ್ಯೂಟರ್ ಮಾಗಡೀಲಿ ಐತೆ. ಪಕ್ಕ ಇಟ್ಟು ನೋಡ್ಕೊಂಡು ಬಂದೆ."

ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು.

"ಮೊದಲ್ನೇ ದಿನ ತಂದಿದ್ಯಲ್ಲ, ಅದು?"

"ಅದೂ ಇದೇ."

"ಅವತ್ತು ಮೂರರ ಗಂಟ ಹೋಗಿದ್ದೆ."

"ಹೂಂ."

"ನಾನು ಇಳ್ಸು ಅಂದ್ರೆ ಇಳ್ಸಿಬುಡೋದಾ?" ಎಂದ ಸಾದಿಕ್. ಮೆಲ್ಲಗೆ ಕೇಳಿದ. ರಹೀಮಾ ಬಾಗಿಲಲ್ಲಿ ಬಂದು ನಿಂತು, ಬೆಳಿಗ್ಗೆ ಬೆಂಗಳೂರಿಗೆ ಎಷ್ಟು ಗಂಟೆಗೆ ರೈಲು ಎಂದು ಕೇಳಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸಾದಿಕ್‌ಗೆ ಮುಷ್ಟಿ ಕಟ್ಟಿ ಬಿಚ್ಚಲು ಹೇಳಿದರು, ನೇರ ಗೆರೆಯ ಮೇಲೆ ನಡೆಸಿದರು, ಸ್ಕ್ಯಾನ್ ಮಾಡಿಸಿದರು. ಕತ್ತಿನ ಮೂಳೆ ಸವೆದು ಒಳಗಿನ ನರದ ಹುರಿಯನ್ನು ಒತ್ತುತ್ತಿದೆ ಎಂದರು. ಯಾವಾಗಿನಿಂದ ಹೀಗೆ ಎಂದು ಕೇಳಿದಾಗ ಸಾದಿಕ್, "ಈಗ ಒಂದೆರಡು ತಿಂಗ್ಳು," ಎಂದ. ರಹೀಮಾ ಅಶ್ವಥ್‌ನ ಕಡೆ ನೋಡಿದಳು.

"ಯುಗಾದಿಗೂ ಮೊದಲಿಂದ ಮೇಡಂ," ಎಂದ ಅಶ್ವಥ್. "ಮುಂಗಾರಲ್ಲಿ ಜಾಸ್ತಿ ಆಯ್ತು. ಆಮೇಲೆ ಗಣಪತಿ ಹಬ್ಬದ ಹೊತ್ತಿಗೆ ಇನ್ನೂ."

"ಅಷ್ಟು ಸರಿಯಾಗಿ ನೋಡ್ತಿದ್ದೋರು ಆಗಲೇ ಯಾಕೆ ಕರ್ಕೊಂಡು ಬರಲಿಲ್ಲ?" ಡಾಕ್ಟರಮ್ಮ ಬೈಯಲಿಲ್ಲ, ಬರೆಯುತ್ತಲೇ ಕೇಳಿದರು. "ಆಪರೇಷನ್ ಮಾಡಿದ್ರೆ ಇಲ್ಲಿಗೆ ನಿಲ್ಲುತ್ತೆ, ನಡೆಯೋದು ಉಳಿಯುತ್ತೆ. ಬೆರಳಿನ ಶಕ್ತಿ ಹೋಗಿರೋದು ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ."

ಆಪರೇಷನ್ ಆದ ಮೇಲೂ ಪೂರ್ತಿ ಬರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸಾದಿಕ್ ನಡೆಯುತ್ತಿದ್ದ, ಕತ್ತಿಗೆ ಪಟ್ಟಿ ಇತ್ತು. ಅನ್ನವನ್ನು ಚಮಚದಲ್ಲಿ ತಿನ್ನುತ್ತಿದ್ದ. ರಹೀಮಾ ಮುನಾವರ್ ಸಾಹೇಬರ ಘಟಕಕ್ಕೆ ಕೆಲಸಕ್ಕೆ ಸೇರಿದ್ದಳು. ಅಶ್ವಥ್ ಭಾನುವಾರಗಳಲ್ಲಿ ಬರುವುದನ್ನು ಬಿಡಲಿಲ್ಲ, ಆದರೆ ಲ್ಯಾಪ್‌ಟಾಪನ್ನು ಚೀಲದಿಂದ ತೆಗೆಯುತ್ತಿರಲಿಲ್ಲ. ಅದನ್ನು ತರುವುದು ಸರಿಯೋ, ಮನೆಯಲ್ಲೇ ಬಿಟ್ಟು ಬಂದರೆ ಅದೂ ಒಂದು ಮಾತು ಹೇಳಿದಂತಾಗುತ್ತದೋ ಎಂದು ಪ್ರತಿ ಸಲವೂ ಯೋಚಿಸಿ ತರುತ್ತಿದ್ದ.

"ತಗಿಲಾ ಅದುನ್ನ," ಎಂದ ಸಾದಿಕ್ ಒಂದು ಸಲ. "ನೀನು ಆಡು. ನಾನು ನೋಡ್ತೀನಿ. ಸರಿಯಾಗಿರೋದನ್ನೇ ಹಾಕು."

ಅಶ್ವಥ್ ಆಡಿದ. ತಿಂಗಳುಗಟ್ಟಲೆ ಪರೀಕ್ಷಿಸಿ ಪರೀಕ್ಷಿಸಿ ಅವನ ಬೆರಳುಗಳಿಗೆ ಆಟ ಅಭ್ಯಾಸವಾಗಿಹೋಗಿತ್ತು. ಮೂರು ದಾಟಿತು. ನಾಲ್ಕರಲ್ಲಿ ಮೊಟ್ಟೆಗಳು ಎರಡೆರಡಾಗಿ ಬೀಳತೊಡಗಿದವು. ಸಾದಿಕ್ ಪರದೆಯಿಂದ ಕಣ್ಣು ತೆಗೆಯದೆ, "ಎಡಕ್ಕೆ. ಬಲದ್ದು ಆಮೇಲೆ ಬೀಳ್ತದೆ, ಮೊದ್ಲು ಎಡಕ್ಕೆ," ಎನ್ನುತ್ತಿದ್ದ. ಹಂತ ಮುಗಿಯಲು ಸ್ವಲ್ಪವೇ ಉಳಿದಿತ್ತು. ಅಶ್ವಥ್ ಬುಟ್ಟಿಯನ್ನು ಒಂದು ಗಳಿಗೆ ತಡೆದ. ಮೊಟ್ಟೆ ಒಡೆಯಿತು.

"ಅದು ಬೇಕಂತ ಬುಟ್ಟಿದ್ದು," ಎಂದ ಸಾದಿಕ್.

"ಇಲ್ಲ, ಕೈ ಜಾರ್ತು."

"ಕೈ ಜಾರದು ಹೆಂಗಿರ್ತದೆ ಅಂತ ನಂಗೆ ಹೇಳ್ಕೊಡ್ತೀಯಾ?" ಸಾದಿಕ್ ಅವನ ಮುಖ ನೋಡಲಿಲ್ಲ. "ಇನ್ನೊಂದ್ಸಲ ನನಗೋಸ್ಕರ ಏನೂ ಇಳಿಸಬ್ಯಾಡ ಕಣ್ಲಾ. ಆಡು."

ಅಶ್ವಥ್ ಆಡಿದ. ನಾಲ್ಕು ಮುಗಿದು ಪರದೆಯ ಬಣ್ಣ ಬದಲಾಯಿತು, ಐದನೇ ಹಂತ ಶುರುವಾಯಿತು. ಚಾಪೆಯ ಮೇಲಿದ್ದ ಸಾದಿಕ್‌ನ ಬಲಗೈ ಒಂದೊಂದು ಮೊಟ್ಟೆಗೂ ತುಸು ತಡವಾಗಿ ಅಲುಗುತ್ತಿತ್ತು. ಅಶ್ವಥ್ ಅದನ್ನು ಕಂಡೂ ನಿಲ್ಲಿಸಲಿಲ್ಲ.

ಹೊರಗಿನ ಗೇಟು ಯಾರೋ ತಟ್ಟಿದರು.

"ಸಾಕು," ಎಂದ ಸಾದಿಕ್. "ರಹೀಮಾ ಬಂದ್ಲು. ಚಿಲಕ ಬಿಗಿ ಐತೆ, ನಂಗಾಗಕಿಲ್ಲ. ಹೋಗಿ ತಗಿ."