ವಿನೋದಾ ಅಕ್ಕೋರ ಹೆಸರಿನಲ್ಲಿ

"ತಮ್ಮ ಹೆಸರು ತಮಗ ನೆನಪಿಲ್ಲೇನ್ರೀ? ಹಿಂದ ನಲವತ್ತು ಮಂದಿ ನಿಂತಾರ. ಬರಿಯೂದಿದ್ರ ಬರೀರಿ, ಇಲ್ಲಾಂದ್ರ ಸರೀರಿ ಅತ್ಲಾಗ."

ರಿಜಿಸ್ಟರ್ ಮುಂದಿಟ್ಟುಕೊಂಡು ಕೂತಿದ್ದ ಗುಮಾಸ್ತ ಬಸಪ್ಪ ಹಾವೇರಿ ಕಡೆಯವನು. ಬೈಯುವಾಗಲೂ 'ರೀ' ಬಿಡುವವನಲ್ಲ. ಸೌಮ್ಯ ಪೆನ್ನು ಹಿಡಿದು ನಿಂತೇ ಇದ್ದಳು. ಕೈ ತನ್ನ ರೂಢಿಯಂತೆ 'ಸೌ' ಎಂದು ಬರೆದುಬಿಟ್ಟಿತ್ತು. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 'ವಿನೋದಾ ನಾಗಪತಿ ಹೆಗಡೆ, ಸಹಶಿಕ್ಷಕಿ' ಎಂದು ಬರೆದಳು. ಎರಡು ದಿನ ರಫ್ ಪುಸ್ತಕದಲ್ಲಿ ತೀಡಿ ಕಲಿತ ಉದ್ದ ಬಾಲದ ಸಹಿಯನ್ನು ಎಳೆದಳು. ಬಸಪ್ಪ ಅದರ ಕಡೆ ನೋಡಲೂ ಇಲ್ಲ. ಒಂದು ಚೀಲ, ಒಂದು ಪೆನ್ನು, ಕೊರಳಿಗೆ ಹಾಕಿಕೊಳ್ಳುವ ಹೆಸರಿನ ಪಟ್ಟಿ ಕೊಟ್ಟು ಮುಂದಕ್ಕೆ ಕಳಿಸಿದ.

ಶಿರಸಿಯ ಆ ಸಭಾಂಗಣದಲ್ಲಿ ಮೂರು ದಿನದ ತರಬೇತಿ. ತರಗತಿಯಲ್ಲಿ ಬ್ಲಾಗ್ ಮತ್ತು ಪಾಡ್‌ಕಾಸ್ಟ್ ಬಳಸಿ ಪಾಠ ಮಾಡುವುದು ಹೇಗೆ ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಿಕ್ಷಕರಿಗೆ ಕಲಿಸುತ್ತಾರಂತೆ. ಖಾಯಂ ಶಿಕ್ಷಕರಿಗೆ ಮಾತ್ರ. ಸೌಮ್ಯ ಎಂಟು ವರ್ಷದಿಂದ ಇಡಗುಂದಿ ಬದಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಎಂಟು ವರ್ಷ ಬಂದರೂ ಅತಿಥಿಯೇ. ಪ್ರತಿ ಜೂನ್‌ನಲ್ಲಿ ಮುಖ್ಯೋಪಾಧ್ಯಾಯ ನಾಗಪತಿ ಹೆಗಡೆಯವರು ಅವಳ ಹೆಸರು ಬರೆದು ಕಳಿಸಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಅವರ ಹೆಂಡತಿ ವಿನೋದಾ, ಅದೇ ಶಾಲೆಯ ಟೀಚರು. ನಾಗಪತಿಯವರ ತಾಯಿಯ ಹೆಸರಿನಲ್ಲಿ ನಡೆಯುವ ಹೋಂಸ್ಟೇಗೆ ಆ ವಾರ ಬೆಂಗಳೂರಿನಿಂದ ದೊಡ್ಡ ಗುಂಪು ಬಂದಿತ್ತು. "ನೀನೇ ಹೋಗ್ಬಾರೆ. ಅಲ್ಲಿ ಯಾರು ಮುಖ ನೋಡ್ತಾರೆ?" ಎಂದಿದ್ದರು ವಿನೋದಾ ಅಕ್ಕೋರು. ಜೂನ್‌ನ ಮಾತು ಅವರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಕಲಿಸುವವನು ಸುಹಾಸ ಎಂಬ ಚುರುಕಿನ ಯುವಕ. "ಪಾಡ್‌ಕಾಸ್ಟ್ ಅಂದ್ರೆ ಹೆದರ್ಬೇಡಿ. ರೇಡಿಯೋ ನಿಮ್ಮ ಕೈಗೇ ಬಂದಂಗೆ. ನಿಮ್ಮ ದನಿ, ನಿಮ್ಮ ಊರಿನ ದನಿ, ಅಷ್ಟೇ ಬೇಕು," ಎಂದ. ಸೌಮ್ಯಳಿಗೆ ಅವನ ಮಾತು ಹಿಡಿಸಿತು. ಆದರೆ ಬ್ಲಾಗ್ ತೆರೆಯಲು ಹೊರಟರೆ ಓಟಿಪಿ ಹೋಗುವುದು ವಿನೋದಾ ಅಕ್ಕೋರ ಮೊಬೈಲಿಗೆ. ಅವಳು ಕಿಟಕಿಯ ಹತ್ತಿರ ಹೋಗಿ ಫೋನು ಮಾಡಿದಳು.

"ಈಗ್ಲೇ ಬೇಕಾ? ತಿಂಡಿ ಹೊತ್ತು ಮಾರಾಯ್ತಿ, ದೋಸೆ ಕಾವಲಿ ಮೇಲಿದೆ," ಎಂದು ಆ ಕಡೆಯಿಂದ ಬೈಗುಳದ ಜೊತೆಗೆ ಆರು ಅಂಕೆ ಬಂದವು. ಬ್ಲಾಗ್ ತೆರೆದುಕೊಂಡಿತು. ಮೇಲ್ಗಡೆ ವಿನೋದಾ ಅಕ್ಕೋರ ಫೋಟೋ ನಗುತ್ತಿತ್ತು.

ಊಟದ ಹೊತ್ತಿಗೆ ಹುಲಗೋಳದ ಸಂಹಿತಾ ಟೀಚರು ಅವಳ ಕೊರಳ ಪಟ್ಟಿ ಓದಿ ತಾವಾಗೇ ಪಕ್ಕಕ್ಕೆ ಬಂದು ಕೂತರು. ಮನೆಯಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟ್ಲಿ ತೆಗೆದು ಸೌಮ್ಯಳ ತಟ್ಟೆಗೆ ಒಂದು ಮಿಡಿ ಹಾಕಿದರು.

"ತಗಳೇ, ಆನೇ ಹಾಕಿದ್ದು. ನಿನ್ನ ಅಪ್ಪನ ಮನೆ ಎಲ್ಲಾತು?"

ಸೌಮ್ಯಳಿಗೆ ಆ ಬ್ರಾಹ್ಮಣರ ಮನೆಮಾತು ಒಂದೊಂದೂ ಅರ್ಥವಾಗುತ್ತಿತ್ತು. ಹೆಗಡೆಯವರ ಅಂಗಳದ ತುದಿಯಲ್ಲಿ ನಿಂತು ಕೇಳಿಯೇ ಬೆಳೆದವಳು. ಆದರೆ ಆ ಮಾತನ್ನು ಆಡುವುದು ಅವಳ ನಾಲಿಗೆಗೆ ಗೊತ್ತಿರಲಿಲ್ಲ. ವಿನೋದಾ ಅಕ್ಕೋರ ತವರು ನೆನಪಾಗಿ, "ತ್ಯಾಗಲಿ" ಎಂದಳು.

"ತ್ಯಾಗಲೀಲಿ ಯಾರ ಮನೆ? ಎನ್ನ ಚಿಕ್ಕಮ್ಮನ್ನ ಅಲ್ಲಿಗೇ ಕೊಟ್ಟಿದ್ದು."

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಸೌಮ್ಯ ಅನ್ನ ಕಲಸುತ್ತ, "ಅಲ್ಲಿ... ಕೆಳಗಿನ ಮನೆಯವರು" ಎಂದು ಪಾಠ ಒಪ್ಪಿಸಿದಂತೆ ಪುಸ್ತಕದ ಕನ್ನಡದಲ್ಲಿ ಹೇಳಿದಳು. ಸಂಹಿತಾ ಟೀಚರ ಕೈ ನಿಂತಿತು. ಅವಳ ಪಟ್ಟಿ ನೋಡಿದರು, ಕೊರಳು ನೋಡಿದರು, ಮುಖ ನೋಡಿದರು.

"ನೀವು ಯಾರ ಬದಲಿಗೆ ಬಂದಿದ್ದು?"

ಅಷ್ಟೇ. ನೀನು ಹೋಗಿ ನೀವು ಆಗಿತ್ತು. ಮನೆಮಾತು ಹೋಗಿ ಪೇಟೆಮಾತು ಬಂದಿತ್ತು. ಬೈದಿದ್ದರೆ ಸೌಮ್ಯ ತಡೆದುಕೊಳ್ಳುತ್ತಿದ್ದಳು, ಬೈಗುಳ ರೂಢಿಯಿತ್ತು. ಈ ಮರ್ಯಾದೆ ಮಾತ್ರ ಮುಖಕ್ಕೆ ಹೊಡೆದಂತಾಯಿತು.

"ಇಡಗುಂದಿ ಶಾಲೆ. ಅತಿಥಿ ಶಿಕ್ಷಕಿ. ನಮ್ಮದು ಕೆಳಗಿನ ಕೇರಿ," ಎಂದಳು.

"ಮೊದ್ಲೇ ಹೇಳ್ಬಹುದಿತ್ತಲ್ವಾ? ನಾವೇನು ಈಗಿನ ಕಾಲದಲ್ಲಿ ಅದನ್ನೆಲ್ಲ ನೋಡೋದಿಲ್ಲ." ಸಂಹಿತಾ ಟೀಚರು ಎದ್ದರು. ಸೌಮ್ಯ ಬಾಟ್ಲಿಯ ಮುಚ್ಚಳ ಹಾಕಿ ಅವರ ಕಡೆ ಚಾಚಿದಳು. "ಇರ್ಲಿ, ನೀವೇ ಇಟ್ಕೊಳ್ಳಿ. ನಮ್ಮನೇಲಿ ಬೇಕಷ್ಟಿದೆ," ಎಂದು ಕೈ ತೊಳೆಯಲು ಹೋದರು. ಬಾಟ್ಲಿ ಬೆಂಚಿನ ಮೇಲೆಯೇ ಉಳಿಯಿತು. ಸೌಮ್ಯಳೂ ಅದನ್ನು ಒಯ್ಯಲಿಲ್ಲ.

ಮಾರನೆಯ ದಿನ ಯಾರೂ ಶಿರಸಿಗೆ ಬರುವಂತಿಲ್ಲ. ಅವರವರ ಊರಿನಲ್ಲೇ ಐದು ನಿಮಿಷದ ಒಂದು ಪಾಠವನ್ನು ದನಿಯಲ್ಲೇ ಮಾಡಿ ಸಂಜೆಯೊಳಗೆ ಕಳಿಸಬೇಕು. ಸೌಮ್ಯ ಬೆಳಿಗ್ಗೆ ಅವ್ವಿಯ ಹಿಂದೆ ಬೆಟ್ಟಕ್ಕೆ ಹೋದಳು. ಅವ್ವಿ ದುರ್ಗಮ್ಮ ನಾಗಪತಿ ಹೆಗಡೆಯವರ ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವವಳು. ಒಣಗಿ ಉದುರಿದ ಎಲೆ ರಾಶಿ ಮಾಡಿ, ಬುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು ಅವರ ಕೊಟ್ಟಿಗೆಗೆ ಹಾಕಬೇಕು. ನಲವತ್ತು ವರ್ಷದಿಂದ ಅದೇ ಕೆಲಸ. ಈಗ ಕಣ್ಣಿನಲ್ಲಿ ಪೊರೆ. ಆದರೂ ಪೊರಕೆ ಹಿಡಿ ಆಡಿಸಿದ ಸದ್ದಿಗೇ ಇದು ಇಂಥ ಮರದ ಎಲೆ ಎಂದು ಹೇಳುತ್ತಾಳೆ.

ಸೌಮ್ಯ ಮೊಬೈಲನ್ನು ನೆಲದ ಹತ್ತಿರ ಹಿಡಿದಳು. "ಅವ್ವಿ, ಒಂದೊಂದೇ ಎಲೆ ಮುರಿ. ಮಕ್ಕಳು ಕೇಳಿ ಹೇಳ್ಬೇಕು ಯಾವ ಮರ ಅಂತ."

"ಇದ್ಕೂ ಸಾಲಿ ಬೇಕನೇ?" ಎಂದು ದುರ್ಗಮ್ಮ ಮೊದಲು ನಕ್ಕಳು. ಆಮೇಲೆ ಮಾತಿನ ಲಹರಿಗೆ ಬಿದ್ದಳು. "ಇದ ಕೇಳು ಸೌಮ್ಯಾ, ಹಪ್ಪಳ ಮುರ್ದಾಂಗೆ ಅಂತದೆ, ಸಾಗವಾನಿ. ಇದು ಮತ್ತಿ, ಹಲ್ಲು ಕಡೀತದೆ. ಹೊನ್ನೆ ಎಲೆ ಗುಟ್ಟು ಹೇಳ್ದಾಂಗೆ ಪಿಸಿಪಿಸಿ ಅಂತದೆ. ಸೌಮ್ಯಾ, ಇದ್ಯಾವ್ದು ಹೇಳೆ ಕಾಂಬ?" ಬಗ್ಗಿದವಳು ಸೊಂಟ ಹಿಡಿದುಕೊಂಡು ನಿಂತಳು. "ಈ ಬೆಟ್ಟದ ಎಲೆ ಪೂರಾ ನನ್ನ ಕೈಯಾಗೇ ಹೋದದ್ದು. ಹ್ವಾದ ವರ್ಷ ಒಂದು ಹೊರೆ ಒಣಕಟ್ಟಿಗೆ ಒಲೆಗೆ ಅಂತ ಒಯ್ದರೆ, ಆ ಬೋಳಿಮಗ ಒಡೆಯ ಗೇಟಿನ ಹತ್ರ ಬಿಚ್ಚಿಸ್ದ. ಎಲ್ಲರ ಎದುರಿಗೆ. ನನ್ನ ಕೈಯಾರೆ ವಾಪಸ್ ಬೆಟ್ಟಕ್ಕೆ ಹೊರಿಸ್ದ."

ಸೌಮ್ಯ ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಸಂಜೆ ಬೈಗುಳವನ್ನು ತೆಗೆಯಲೋ ಬೇಡವೋ ಎಂದು ಬಹಳ ಹೊತ್ತು ಕೂತಳು. ಮಕ್ಕಳು ಕೇಳುವ ಪಾಠ ಎಂದು ಆ ಒಂದು ಶಬ್ದ ಮಾತ್ರ ತೆಗೆದಳು. ಕಟ್ಟಿಗೆಯ ಮಾತು ಇರಲಿ ಎಂದುಕೊಂಡಳು. ಕೊನೆಗೆ ತನ್ನ ದನಿಯಲ್ಲಿ, "ಇದನ್ನು ಕಲಿಸಿದವರು ದುರ್ಗಮ್ಮ" ಎಂದು ಸೇರಿಸಿ ಕಳಿಸಿದಳು. ತನ್ನ ಹೆಸರು ಹೇಳುವಂತಿರಲಿಲ್ಲ, ವಿನೋದಾ ಎಂದು ಹೇಳಲು ಬಾಯಿ ಬರಲಿಲ್ಲ.

ಮೂರನೆಯ ದಿನ ಅದನ್ನು ಎಲ್ಲರಿಗೂ ಕೇಳಿಸಿದರು. ಎಪ್ಪತ್ತು ಜನ ಟೀಚರು ಸಣ್ಣ ಮಕ್ಕಳ ಹಾಗೆ ಕಿವಿಗೊಟ್ಟು 'ಮತ್ತಿ', 'ಹೊನ್ನೆ' ಎಂದು ಕೂಗಿದರು. ಸುಹಾಸ ಇದೇ ಮಾದರಿ ಪಾಠ, ಮೂರು ತಾಲೂಕಿನ ಶಾಲೆಗಳಿಗೂ ಹೋಗುತ್ತದೆ ಎಂದ. ಆದರೆ ಸೌಮ್ಯಳ ಕಿವಿ ಬೇರೆಯೇ ಕೇಳುತ್ತಿತ್ತು. ಅವ್ವಿ 'ಸೌಮ್ಯಾ' ಎಂದು ಕರೆದ ಕಡೆಯೆಲ್ಲ ತುಂಡಾಗಿತ್ತು. ಕಟ್ಟಿಗೆಯ ಮಾತು ಇರಲಿಲ್ಲ. ಕೊನೆಯಲ್ಲಿ ದುರ್ಗಮ್ಮ ಇರಲಿಲ್ಲ. ವೀಣೆಯ ಸಂಗೀತ ಬಂದು, "ಪ್ರಸ್ತುತಿ: ವಿನೋದಾ ನಾಗಪತಿ ಹೆಗಡೆ" ಎಂದು ಸುಹಾಸನ ದನಿ ಹೇಳಿತು.

ಚಹಾದ ಹೊತ್ತಿಗೆ ಅವನನ್ನು ಹಿಡಿದು ಕೇಳಿದಳು.

"ರಾತ್ರೀನೇ ನಿಮ್ಮ ನಂಬರ್‌ಗೆ ಆಡಿಯೋ ಕಳ್ಸಿ ಫೋನ್ ಮಾಡಿದ್ನಲ್ಲ ಮೇಡಂ, ಕಂಗ್ರಾಟ್ಸ್ ಹೇಳೋಕೆ? ನೀವೇ ಅಲ್ವಾ ಹೇಳಿದ್ದು, ಸೌಮ್ಯ ಅನ್ನೋಳು ಕೆಲಸದ ಹುಡುಗಿ, ಅವಳ ಹೆಸರು, ಕಟ್ಟಿಗೆ ಮಾತು, ಕೊನೇಲಿ ದುರ್ಗಮ್ಮ, ಎಲ್ಲ ಕಟ್ ಮಾಡಿ ಅಂತ?"

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತು ರೇಷ್ಮೆ ಸೀರೆಯ ವಿನೋದಾ ಅಕ್ಕೋರೂ ನಾಗಪತಿಯವರೂ ಇಳಿದರು. ಹೋಂಸ್ಟೇ ಗುಂಪು ಬೆಳಿಗ್ಗೆ ಖಾಲಿಯಾಗಿತ್ತು. ನಾಗಪತಿಯವರು ಸುಹಾಸನ ಹೆಗಲ ಮೇಲೆ ಕೈ ಹಾಕಿ, "ಮೇಡಂಗೆ ಮೈ ಹುಷಾರಿರ್ಲಿಲ್ಲ. ಇವಳು ನಮ್ಮ ಅತಿಥಿ ಶಿಕ್ಷಕಿ, ಕೂತ್ಕೊಂಡು ಬಾ ಅಂತ ಕಳ್ಸಿದ್ದು. ಪಾಠ ಪೂರಾ ಮೇಡಮ್ಮಂದೇ," ಎಂದರು. ಸುಹಾಸ ಒಮ್ಮೆ ಇವಳನ್ನೂ ಒಮ್ಮೆ ಅವರನ್ನೂ ನೋಡಿದ. "ಓ, ಸರಿ ಸರಿ. ಕಂಟೆಂಟ್ ಮುಖ್ಯ, ಅಲ್ವಾ ಸರ್?" ಎಂದು ವೇದಿಕೆ ಸಜ್ಜು ಮಾಡಲು ಹೋದ.

ನಾಗಪತಿಯವರು ದನಿ ತಗ್ಗಿಸಿದರು. "ಮನೆ ಮರ್ಯಾದೆ ಬೀದಿಗಿಡೂಕೆ ನಿನ್ನ ಕಳ್ಸಿದ್ದನೇ? ಕಟ್ಟಿಗೆ ಕಥೆ ಹೇಳಸ್ತಾಳೆ, ದರಿದ್ರದವ್ಳು. ಆ ಪಟ್ಟಿ ತೆಗೆದು ಮೇಡಂ ಕೈಲಿ ಕೊಡು. ಹೋಗಿ ಹಿಂದೆ ಕೂತ್ಕ."

ಅವಳು ಪಟ್ಟಿ ತೆಗೆದುಕೊಟ್ಟು ಹಿಂದೆ ಹೋಗಿ ಕೂತಳು. ಜಗಳಕ್ಕೆ ಬೇಕಾದ ತ್ರಾಣವೂ ಉಳಿದಿರಲಿಲ್ಲ. ಮೂರು ದಿನ ಬೇರೊಬ್ಬಳಾಗಿರುವುದು ಗದ್ದೆ ಕೆಲಸಕ್ಕಿಂತ ಹೆಚ್ಚು ಸುಸ್ತು ಮಾಡುತ್ತದೆ ಎಂದು ಅವಳಿಗೆ ಮೊದಲು ಗೊತ್ತಿರಲಿಲ್ಲ.

ಸಮಾರೋಪಕ್ಕೆ ಬಂದ ಶಿಕ್ಷಣ ಇಲಾಖೆಯ ಸಾಹೇಬರು ಉತ್ಸಾಹದ ಮನುಷ್ಯ. ಶಾಲು ಹೊದಿಸಿದ ಮೇಲೆ ವಿನೋದಾ ಅಕ್ಕೋರನ್ನು ಮೈಕಿನ ಮುಂದೆಯೇ ನಿಲ್ಲಿಸಿಕೊಂಡರು. "ನಾನು ಬರುವಾಗ ಕಾರಲ್ಲೇ ಕೇಳಿದೆ. ಅದ್ಭುತ. ಈಗ ನಮ್ಮ ಎದುರಿಗೇ ಒಂದು ಹೇಳಿಬಿಡಿ. ಕಣ್ಣು ಮುಚ್ಚಿ ಮೇಡಂ." ಅಂಗಳದಿಂದ ಆರಿಸಿ ತಂದ ಎಲೆಯನ್ನು ಅವರು ಮುಷ್ಟಿಯಲ್ಲಿ ಮೈಕಿನ ಹತ್ತಿರ ಹಿಡಿದು ನಿಧಾನ ಮುರಿದರು.

ಹಿಂದಿನ ಸಾಲಿನಲ್ಲಿದ್ದರೂ ಸೌಮ್ಯಳಿಗೆ ತಿಳಿಯಿತು. ಹಲಸು. ಒಣಗಿದರೂ ತೊಗಲಿನ ಬಿಗುವು ಬಿಡದ ಎಲೆ.

ವಿನೋದಾ ಅಕ್ಕೋರು ಕಣ್ಣು ಮುಚ್ಚಿಯೇ ನಕ್ಕರು. "ಇನ್ನೊಂದ್ಸಲ ಸರ್," ಎಂದರು. ಸಾಹೇಬರು ಮತ್ತೆ ಮುರಿದರು. ಅಕ್ಕೋರು ಕಣ್ಣು ತೆರೆದು ನೇರವಾಗಿ ಹಿಂದಿನ ಸಾಲು ನೋಡಿದರು. ಆ ನೋಟದ ಬೆನ್ನಿಗೇ ಎಪ್ಪತ್ತು ತಲೆ ಹಿಂದಕ್ಕೆ ತಿರುಗಿತು. ಸಂಹಿತಾ ಟೀಚರು ಮಾತ್ರ ತಮ್ಮ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದರು.

ನಾಗಪತಿಯವರು ಗೋಡೆ ಬದಿಯಿಂದ ಬಗ್ಗಿಕೊಂಡೇ ಬಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಎಂಟು ವರ್ಷದಲ್ಲಿ ಅವರು ಅವಳ ಪಕ್ಕ ಕೂತದ್ದು ಅದೇ ಮೊದಲು.

"ಯಾವ್ದೇ ಅದು? ಬೇಗ ಹೇಳು."

ಅವಳು ವೇದಿಕೆಯ ಕಡೆಗೇ ನೋಡುತ್ತಿದ್ದಳು.

"ಜೂನ್‌ನಲ್ಲಿ ಯಾರ ಬಾಗ್ಲಿಗೆ ಬರ್ತೆ ನೀನು? ನಿನ್ನ ಅವ್ವಿ ನಾಳೆ ಯಾವ ಬೆಟ್ಟಕ್ಕೆ ಹೋಗ್ತಾಳೆ? ಹೇಳೇ ರಂಡೆ."

ಅವಳಿಗೆ ಹೆದರಿಕೆಯಾಯಿತು. ಅವ್ವಿಯ ಪೊರೆ ಬಂದ ಕಣ್ಣು, ತಿಂಗಳ ಅಕ್ಕಿ, ಒಂದನೇ ತರಗತಿಯಲ್ಲಿ ಈಗಷ್ಟೇ ಕಾಗುಣಿತ ಹತ್ತಿದ ಮಕ್ಕಳು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು.

"ಹಿಂದೆ ಯಾರಿಗೋ ಗೊತ್ತಿರೋ ಹಾಗಿದೆ," ಎಂದರು ಸಾಹೇಬರು. "ಮೈಕ್ ಕೊಡಿ ಅವರಿಗೆ." ಸುಹಾಸ ಓಡಿಬಂದು ಅವಳ ಕೈಗೆ ಮೈಕು ಕೊಟ್ಟ. ಸಾಹೇಬರು ಮೂರನೆಯ ಸಲ ಮುಷ್ಟಿ ಅಮುಕಿದರು.

ಸೌಮ್ಯ ಎದ್ದು ನಿಂತಳು.

"ಗೊತ್ತುಂಟು ಸರ್," ಎಂದಳು. ದನಿ ನಾಲ್ಕೂ ಸ್ಪೀಕರ್ ಪೆಟ್ಟಿಗೆಯಿಂದ ದೊಡ್ಡದಾಗಿ ಹೊರಬಂತು. "ಅವರಿಗೆ ಹೇಳಿಕೊಡೂದಿಲ್ಲ."

ಮೈಕನ್ನು ಸುಹಾಸನ ಕೈಗೆ ವಾಪಸ್ ಕೊಟ್ಟು ಕೂತುಕೊಂಡಳು. ವೇದಿಕೆಯ ಮೇಲೆ ಸಾಹೇಬರು ಮುಷ್ಟಿ ಬಿಚ್ಚಬೇಕೋ ಬೇಡವೋ ತಿಳಿಯದೆ ನಿಂತಿದ್ದರು. ಬೆರಳಿನ ಸಂದಿಯಿಂದ ಎಲೆಯ ಪುಡಿ ವಿನೋದಾ ಅಕ್ಕೋರ ಶಾಲಿನ ಮೇಲೆ ಉದುರುತ್ತಿತ್ತು.