ಬಾಯಿಂದ ತೆಗೆದ ಹೆಸರು

“ಎಷ್ಟು ಕುಡಿದಿದ್ದೀಯೆ?”

ನಮ್ಮೂರ ಕ್ಲಿನಿಕ್ಕಿನ ಡಾಕ್ಟರ್ ಹಾಗೆ ಕೇಳಿದ್ದು, ಉಸಿರು ಸಿಗದೆ ಗೋಡೆ ಹಿಡಿದು ನಿಂತಿದ್ದ ನಮ್ಮ ಹುಡುಗಿಯನ್ನು. ಅವಳು ನನ್ನ ಅಕ್ಕ ಲೋರ್ನಾಳ ಹಿರಿಮಗಳು, ಅಂದರೆ ನನಗೂ ಮಗಳೇ. ಬಿಯರಿನ ವಾಸನೆಗೇ ಮೂಗು ಮುಚ್ಚುವವಳು. ಕೆಟ್ಟಿದ್ದು ಅವಳ ಗುಂಡಿಗೆ. ಅವನು ಕುರ್ಚಿ ಬಿಟ್ಟು ಏಳಲೂ ಇಲ್ಲ. ನೋವಿನ ಮಾತ್ರೆ ಕೊಟ್ಟು, “ಮನೆಗೆ ಹೋಗಿ ಮಲಗು, ಇಳಿಯುತ್ತೆ” ಎಂದ.

ದೂರದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಆಸ್ಪತ್ರೆಗೆ ನಾವೇ ಹೊರಟೆವು. ಅರ್ಧ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಅಕ್ಕನ ತೊಡೆಯ ಮೇಲೆ ಹೋಗಿಬಿಟ್ಟಳು.

ಅವಳ ಹೆಸರು ಕೇಳಬೇಡಿ. ನಾವು ಆಸ್ಟ್ರೇಲಿಯಾದ ಮೂಲನಿವಾಸಿಗಳು; ಸತ್ತವರ ಹೆಸರನ್ನು ಬಾಯಿಗೆ ತರುವುದಿಲ್ಲ, ಬರೆಯುವುದೂ ಇಲ್ಲ. ಕರೆದರೆ ಅವರು ಹೋಗಲಾರದೆ ಇಲ್ಲೇ ನಿಂತುಬಿಡುತ್ತಾರೆ.

ವೈದ್ಯರ ಮಂಡಳಿಗೆ ದೂರು ಕೊಟ್ಟೆವು. ಫೋನಿನಲ್ಲಿದ್ದವಳು, “ಸತ್ತವರ ಹೆಸರು?” ಎಂದಳು.

“ನನ್ ಮಗಳು,” ಅಂದಳು ಅಕ್ಕ.

“ಹೆಸರು ಹೇಳಮ್ಮ.”

“ನನ್ ದೊಡ್ ಮಗಳು ಕಣವ್ವ.”

ದೂರುದಾರರು ಸಹಕರಿಸಲಿಲ್ಲ ಎಂದು ದೂರನ್ನು ಮುಚ್ಚಿದರು. ಡಾಕ್ಟರ್ ತನ್ನ ಕುರ್ಚಿಯಲ್ಲಿ ಹಾಗೇ ಉಳಿದ. ಅಕ್ಕನ ಕಿರಿಮಗಳು ಕಾರ್ಲೀನ್‌ಳ ಗುಂಡಿಗೆಯೂ ಅದೇ ಜಾತಿಯದು. ತಿಂಗಳಿಗೊಮ್ಮೆ ಸೂಜಿ ತಪ್ಪಿದರೆ ಅವಳೂ ಇಲ್ಲ. ನಮ್ಮ ಊರಿನಲ್ಲಿ ಇರುವುದು ಒಂದೇ ಕ್ಲಿನಿಕ್, ಒಬ್ಬನೇ ಡಾಕ್ಟರ್.

ಆಮೇಲೊಂದು ದಿನ ರಾಜಧಾನಿ ಕ್ಯಾನ್‌ಬೆರಾದಿಂದ ಸರ್ಕಾರದ ಸಮಿತಿ ಬಂತು. ದೇಶದ ಡಾಕ್ಟರು, ನರ್ಸುಗಳನ್ನು ಅಂಕೆಯಲ್ಲಿಡುವ ಕಾನೂನು ಹೇಗೆ ನಡೆಯುತ್ತಿದೆ ಎಂದು ಪರಿಶೀಲಿಸುತ್ತಾರಂತೆ. ಊರಿನ ಹಾಲ್‌ನಲ್ಲಿ ನಮಗೆಲ್ಲ ಬ್ರೆಡ್ಡು, ಸಾಸೇಜು ಹಂಚಿದರು. ಆ ಡಾಕ್ಟರ್ ಮುಂದಿನ ಸಾಲಿನಲ್ಲೇ ಕೂತಿದ್ದ. ಅಕ್ಕ ಮೈಕಿನ ಮುಂದೆ ನಿಂತಳು.

“ಮೇಡಮ್ಮೋರೆ, ಇವನ್ನ ತೆಗೀರಿ. ಒಬ್ಳನ್ನ ತಿಂದ. ನಂಗಿನ್ನೊಬ್ಳವ್ಳೆ.”

ಸಮಿತಿಯ ಅಧ್ಯಕ್ಷೆ ಫಿಲಿಪಾ ಮೃದುವಾಗಿ ನಕ್ಕಳು. “ಒಬ್ಬೊಬ್ಬರ ದೂರು ಕೇಳೋಕೆ ನಾವು ಬಂದಿಲ್ಲಮ್ಮ, ವ್ಯವಸ್ಥೆ ಬಗ್ಗೆ ಹೇಳಿ. ಆದ್ರೂ ನಿಮಗೋಸ್ಕರ ಬರ್ಕೊಳ್ತೀವಿ. ಮಗಳ ಹೆಸರು?”

ಅಕ್ಕ ಮೈಕಿನಿಂದ ಹಿಂದೆ ಸರಿದಳು. ಫಿಲಿಪಾ ಕ್ಲಿನಿಕ್ಕಿನಿಂದ ತರಿಸಿದ್ದ ಕಾಗದ ತಿರುವಿದಳು. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡೇ, ಸತ್ತ ಹುಡುಗಿಯ ಪೂರ್ತಿ ಹೆಸರನ್ನು ಮೈಕಿನಲ್ಲಿ ಓದಿಬಿಟ್ಟಳು.

ಮುದುಕಿಯರು ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದರು. ಹಾಲ್ ತುಂಬ ಗೋಳು. ಕಾರ್ಲೀನ್ ಎದೆ ಹಿಡಿದುಕೊಂಡು ಹೊರಗೆ ಓಡಿದಳು. ನನಗೆ ಆ ಕಾಗದವನ್ನು ಫಿಲಿಪಾಳ ಬಾಯಿಗೇ ತುರುಕಬೇಕು ಅನ್ನಿಸಿತು.

ಡಾಕ್ಟರ್ ಅಧ್ಯಕ್ಷೆಯತ್ತ ಬಾಗಿ, “ನೋಡಿದ್ರಾ, ಇಂಥವರ ಮಧ್ಯೆ ಕೆಲಸ ಮಾಡಬೇಕು ನಾನು,” ಎಂದ. ಮೈಕು ಅದನ್ನೂ ನಮಗೆಲ್ಲ ಕೇಳಿಸಿತು.

ಅಕ್ಕ ಕಣ್ಣೊರೆಸಿಕೊಂಡು ಅವನ ಎದುರಿಗೇ ಹೋದಳು.

“ಕೇಳ್ಲಾ ನಾಯಿ ನನ್ಮಗ್ನೆ. ಅವ್ರು ನಿನ್ ಹೆಸ್ರ ಡಾಕ್ಟ್ರುಗಳ್ ಪಟ್ಟೀಲಿ ಮಡಿಕ್ಕೊಳ್ಳಿ. ನಾವು ಇವತ್ತಿಂದ ಬಾಯಿಗ್ ತರಾಕಿಲ್ಲ. ನಮ್ ಪಾಲಿಗ್ ನೀನ್ ಸತ್ತೋದೆ.”

ಯಾರಾದರೂ ಸತ್ತರೆ ಅವರಿದ್ದ ಜಾಗಕ್ಕೆ ಹಸಿ ಸೊಪ್ಪಿನ ಹೊಗೆ ಹಾಕುವುದು ನಮ್ಮ ಪದ್ಧತಿ. ಮುದುಕಿಯರು ಎದ್ದು ಸೊಪ್ಪು ಮುರಿದರು. ಕ್ಲಿನಿಕ್ಕಿಗೆ ನುಗ್ಗಿ ಅವನ ಮೇಜಿಗೆ, ಅವನ ಕುರ್ಚಿಗೆ ಹೊಗೆ ಹಾಕಿದೆವು. ಬೆಂಕಿಯ ಗಂಟೆ ಕಿರುಚುತ್ತಲೇ ಇತ್ತು. ಸಮಿತಿಯವರು ಕಾರು ಹತ್ತಿ ಹೊರಟರು.

ಮರುದಿನ ಕಾರ್ಲೀನ್‌ಳ ಸೂಜಿಯ ದಿನ. ಕ್ಲಿನಿಕ್ಕಿನ ಹೊರಗೆ ಬೆಂಚು ತುಂಬಿತ್ತು. ಅವನು ಬಾಗಿಲಿಗೆ ಬಂದು ಕರೆದ.

“ಕಾರ್ಲೀನ್, ಸೂಜಿ.”

ಒಬ್ಬರೂ ತಲೆ ಎತ್ತಲಿಲ್ಲ. ಬಾಗಿಲಲ್ಲಿ ಯಾರೂ ಇಲ್ಲವೆಂಬಂತೆ ಎಲ್ಲರೂ ಕೆಂಪು ಮಣ್ಣನ್ನೇ ನೋಡುತ್ತ ಕೂತಿದ್ದರು. ನನ್ನ ಪಕ್ಕದಲ್ಲಿ ಕಾರ್ಲೀನ್‌ಳ ಉಸಿರು ಸಿಳ್ಳೆ ಹೊಡೆಯುತ್ತಿತ್ತು.

“ಕಾರ್ಲೀನ್. ಇವತ್ತು ತಪ್ಪಿಸಿದ್ರೆ ನಾನು ಜವಾಬ್ದಾರನಲ್ಲ.”

ಅವಳು ಅವನತ್ತ ನೋಡಲಿಲ್ಲ, ನನ್ನ ಮುಖ ನೋಡಿದಳು.

“ಚಿಕ್ಕವ್ವಾ, ಯಾರಾದ್ರೂ ಕರುದ್ರಾ?”

ಅಕ್ಕ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ.